ಒಣಮೀನಿನ ಹೆಸರಿನ ಚದುರಂಗ: ಪುಕ್ಕಟೆ ಸಾಫ್ಟ್‌ವೇರಿಗೂ ಒಡೆಯರಿದ್ದಾರೆ

ಫೋನಿನಲ್ಲಿ ಚೆಸ್ ಆಡುವವರು ಈಗ ನಮ್ಮ ಹಳ್ಳಿಗಳಲ್ಲೂ ಕಡಿಮೆಯೇನಿಲ್ಲ. ಆಟ ಮುಗಿದ ಮೇಲೆ ಆಪ್ ಒಂದು ಲೆಕ್ಕ ಒಪ್ಪಿಸುತ್ತದೆ. ಇಲ್ಲಿ ನಿಮ್ಮ ನಡೆ ತಪ್ಪಾಯಿತು, ಕುದುರೆಯನ್ನು ಆ ಮನೆಗೆ ಹಾಕಿದ್ದರೆ ಗೆಲ್ಲುತ್ತಿದ್ದಿರಿ ಅನ್ನುತ್ತದೆ. ಹೀಗೆ ತಪ್ಪು ಹುಡುಕಿ ಹೇಳುವ ಯಂತ್ರಬುದ್ಧಿಗೆ ಚೆಸ್ ಎಂಜಿನ್ ಅಂತ ಹೆಸರು. ಇವತ್ತು ಜಗತ್ತಿನ ಬಹಳಷ್ಟು ಆಪ್‌ಗಳ ಹೊಟ್ಟೆಯೊಳಗೆ ಕೂತಿರುವ ಎಂಜಿನ್ ಒಂದೇ. ಅದರ ಹೆಸರು ಸ್ಟಾಕ್‌ಫಿಶ್.

ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ವಿಶ್ವ ಚಾಂಪಿಯನ್ನರನ್ನೂ ಸುಲಭವಾಗಿ ಸೋಲಿಸುವ ಈ ಪ್ರೋಗ್ರಾಂ ನಿಮಗೂ ಪುಕ್ಕಟೆ, ನಮಗೂ ಪುಕ್ಕಟೆ, ಜರ್ಮನಿಯ ದೊಡ್ಡ ಕಂಪನಿಗೂ ಪುಕ್ಕಟೆ. ಹಾಗಿದ್ದರೂ 2021ರಲ್ಲಿ ಇದೇ ಪುಕ್ಕಟೆ ಮಾಲಿಗಾಗಿ ಜರ್ಮನಿಯ ಮ್ಯೂನಿಕ್ ಕೋರ್ಟಿನಲ್ಲಿ ಒಂದು ಕೇಸು ಬಿತ್ತು. ಪುಕ್ಕಟೆ ಕೊಟ್ಟ ಮೇಲೆ ಜಗಳ ಎಲ್ಲಿಂದ ಬಂತು? ಕೊಟ್ಟವರಿಗೆ ಹೋದದ್ದೇನು, ತೆಗೆದುಕೊಂಡವರು ಮುರಿದದ್ದೇನು? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಲವತ್ತು ವರ್ಷದ ಕಥೆ ಹೇಳಬೇಕು. ಸ್ವಲ್ಪ ಉದ್ದವಾಗುತ್ತದೆ, ಆದರೆ ಓದಿ. ಕೊನೆಗೆ ಇದು ನಮ್ಮ ನಿಮ್ಮ ದುಡಿಮೆಗೂ ಬಂದು ಮುಟ್ಟುತ್ತದೆ.

ಆಟ ಎಲ್ಲರದು, ಬರೆದದ್ದು ಬರೆದವರದು

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಚದುರಂಗದ ಆಟಕ್ಕೆ ಒಡೆಯರಿಲ್ಲ. ನಮ್ಮ ದೇಶದ ಚತುರಂಗ ಪರ್ಷಿಯಾಕ್ಕೆ ಹೋಯಿತು, ಅರಬರ ಕೈಗೆ ಬಂತು, ಅಲ್ಲಿಂದ ಯುರೋಪು ಸೇರಿತು. ಹೋದಲ್ಲೆಲ್ಲ ನಿಯಮ ಬದಲಾಯಿತು, ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಚೌಕಾಬಾರ, ಹುಲಿ-ಕುರಿ ಆಟಗಳೂ ಹಾಗೆಯೇ. ದೇವಸ್ಥಾನದ ಕಲ್ಲುಚಪ್ಪಡಿ ಮೇಲೆ ಮನೆ ಕೊರೆದು ಆಡಿದವರು ಯಾರಿಗೂ ಕಪ್ಪ ಕೊಡಲಿಲ್ಲ.

ಆದರೆ ಆ ಆಟದ ಬಗ್ಗೆ ಒಬ್ಬರು ಪುಸ್ತಕ ಬರೆದರೆ ಆ ಬರಹ ಅವರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗೆ ಮಣೆಯಾಟಗಳೆಂದರೆ ಬಲು ಪ್ರೀತಿ. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗ ಇದೆ. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡನೇ ಸಲ ಮುಟ್ಟದೆ 64 ಮನೆಗಳನ್ನೂ ಸುತ್ತಿ ಬರುವ ಲೆಕ್ಕವನ್ನು ಅವರು ಬಿಡಿಸಿದ್ದರು. ಕುದುರೆಯ ನಡೆ ಎಲ್ಲರದು. ಆ ಸುತ್ತನ್ನು ಕಟ್ಟಿದ ಬುದ್ಧಿ ಮಾತ್ರ ಅವರದು. ಆ ಲೆಕ್ಕಗಳ ಇತಿಹಾಸ ಬರೆಯುವವರು ಇವತ್ತಿಗೂ ಮೈಸೂರು ಅರಸರ ಹೆಸರು ಹೇಳುತ್ತಾರೆ.

ಕಂಪ್ಯೂಟರ್ ಪ್ರೋಗ್ರಾಂ ಕೂಡ ಒಂದು ಬರಹವೇ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲಿ ಇಟ್ಟಿದೆ. ಕಥೆ, ಕವನ ಬರೆದವರಿಗೆ ಇರುವ ಹಕ್ಕು ಕೋಡ್ ಬರೆದವರಿಗೂ ಇದೆ. ಜರ್ಮನಿ, ನಾರ್ವೆ, ಅಮೆರಿಕಗಳಲ್ಲೂ ಪ್ರೋಗ್ರಾಂ ಬರೆದವರಿಗೆ ಇಂಥ ಹಕ್ಕು ಇದೆ. ಹಾಗಾಗಿ ಚದುರಂಗದ ಆಟ ಊರಿನದಾದರೂ ಚದುರಂಗ ಆಡುವ ಪ್ರೋಗ್ರಾಂ ಬರೆದವರದು.

ಒಂದು ಪ್ರಿಂಟರ್‌ನಿಂದ ಹುಟ್ಟಿದ ಲೈಸೆನ್ಸು

ಪ್ರೋಗ್ರಾಮಿಗೆ ಎರಡು ರೂಪ ಇರುತ್ತದೆ. ಒಂದು ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹ, ಅದಕ್ಕೆ ಸೋರ್ಸ್ ಕೋಡ್ ಅನ್ನುತ್ತಾರೆ. ಇನ್ನೊಂದು ಯಂತ್ರಕ್ಕೆ ಮಾತ್ರ ತಿಳಿಯುವ ರೂಪ. ಅಂಗಡಿಯ ಮಸಾಲೆ ಪುಡಿ ಮತ್ತು ಅಜ್ಜಿ ಹೇಳಿಕೊಟ್ಟ ಮಸಾಲೆಯ ಅಳತೆ ಇದ್ದ ಹಾಗೆ. ಪುಡಿ ನಿಮ್ಮ ಕೈಯಲ್ಲಿದ್ದರೂ ಅಳತೆ ಗೊತ್ತಿಲ್ಲದಿದ್ದರೆ ಖಾರ ಕಡಿಮೆ ಮಾಡಲು ಬರುವುದಿಲ್ಲ.

ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಪ್ರೋಗ್ರಾಮರ್ ಇದ್ದರು. ಅಲ್ಲಿಗೆ ಬಂದ ಹೊಸ ಪ್ರಿಂಟರಿನಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಪ್ರಿಂಟರ್ ಪ್ರೋಗ್ರಾಂ ತಿದ್ದಿ, ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಹೋಗುವ ಹಾಗೆ ಮಾಡೋಣ ಅಂದುಕೊಂಡರು. ಆದರೆ ಸೋರ್ಸ್ ಕೋಡ್ ಕೊಡಲು ಅದನ್ನು ಇಟ್ಟುಕೊಂಡವರು ಒಪ್ಪಲಿಲ್ಲ. ಈ ಪ್ರಸಂಗವನ್ನು ಅವರು ಮುಂದೆ ಅನೇಕ ಕಡೆ ಹೇಳಿಕೊಂಡಿದ್ದಾರೆ. 1983ರಲ್ಲಿ ಅವರು ಗ್ನೂ ಎಂಬ ಯೋಜನೆ ಘೋಷಿಸಿದರು. ಯಾರು ಬೇಕಾದರೂ ಬಳಸುವ, ಓದುವ, ತಿದ್ದುವ, ಹಂಚುವ ಸಾಫ್ಟ್‌ವೇರ್ ಕಟ್ಟುವುದು ಅದರ ಗುರಿ.

ಒಂದು ತೊಂದರೆ ಇತ್ತು. ಹೀಗೆ ಸುಮ್ಮನೆ ಕೊಟ್ಟುಬಿಟ್ಟರೆ ಮುಂದಿನವರು ಅದಕ್ಕೆ ನಾಲ್ಕು ಸಾಲು ಸೇರಿಸಿ, ಬೀಗ ಹಾಕಿ, ತಮ್ಮದೆಂದು ಮಾರಬಹುದು. ನಾಟಿ ರಾಗಿಯ ಬಿತ್ತನೆ ಬೀಜವನ್ನು ನೀವು ಊರಿನವರಿಗೆಲ್ಲ ಹಂಚುತ್ತೀರಿ. ಅದರಲ್ಲಿ ಒಬ್ಬರು ಅದನ್ನೇ ಬಣ್ಣದ ಪ್ಯಾಕೆಟ್ಟಿಗೆ ತುಂಬಿ, ಮೇಲೆ ತಮ್ಮ ಹೆಸರು ಹಾಕಿ, ಈ ಬೆಳೆಯಿಂದ ಬೀಜ ಉಳಿಸಿಕೊಳ್ಳಬಾರದು ಎಂದು ಬರೆದು ನಿಮಗೇ ಮಾರಲು ಬಂದರೆ ಹೇಗಿರುತ್ತದೆ?

ಅದಕ್ಕೆ ಸ್ಟಾಲ್ಮನ್ ಒಂದು ಉಪಾಯ ಮಾಡಿದರು. ಹಕ್ಕುಸ್ವಾಮ್ಯ ಬಿಟ್ಟುಕೊಡಲಿಲ್ಲ, ಇಟ್ಟುಕೊಂಡೇ ಅನುಮತಿ ಕೊಟ್ಟರು. ಆ ಅನುಮತಿ ಪತ್ರವೇ ಜಿಪಿಎಲ್ ಎಂಬ ಲೈಸೆನ್ಸು. ಮೊದಲ ಆವೃತ್ತಿ 1989ರಲ್ಲಿ ಬಂತು, ಎರಡನೆಯದು 1991ರಲ್ಲಿ, ಮೂರನೆಯದು 2007ರಲ್ಲಿ. ಅದರ ಭಾಷೆ ವಕೀಲರ ಭಾಷೆ. ನಮ್ಮ ಮಾತಿನಲ್ಲಿ ಹೇಳಿದರೆ ಷರತ್ತುಗಳು ಇಷ್ಟು:

ಬಳಸಿ, ನಕಲು ಮಾಡಿ, ತಿದ್ದಿ, ಮಾರಿ. ದುಡ್ಡು ತೆಗೆದುಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಬರೆದವರ ಹಕ್ಕಿನ ಸಾಲುಗಳನ್ನು ಅಳಿಸಬೇಡಿ.

ನೀವು ತಿದ್ದಿದ್ದರೆ ತಿದ್ದಿದ್ದೇವೆ ಎಂದು ಹೇಳಿ.

ಕೊಂಡವರಿಗೆ ಸೋರ್ಸ್ ಕೋಡ್ ಸಿಗುವ ಹಾಗೆ ಮಾಡಿ, ಲೈಸೆನ್ಸಿನ ಪ್ರತಿಯನ್ನೂ ಕೊಡಿ.

ನಿಮಗೆ ಸಿಕ್ಕ ಸ್ವಾತಂತ್ರ್ಯವನ್ನೇ ಮುಂದಿನವರಿಗೂ ಕೊಡಿ, ಅದರ ಮೇಲೆ ಹೊಸ ಬೇಲಿ ಹಾಕಬೇಡಿ.

ಇದರಲ್ಲಿ ದುಡ್ಡಿನ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಕೇಳುವ ಬೆಲೆ ಎರಡೇ: ಹೆಸರು ಉಳಿಸಬೇಕು, ಬಾಗಿಲು ತೆರೆದಿರಬೇಕು. ಷರತ್ತು ಮುರಿದರೆ ಅನುಮತಿಯೇ ಬಿದ್ದುಹೋಗುತ್ತದೆ. ಅನುಮತಿ ಹೋದ ಮೇಲೆ ಹಂಚುವುದು ಕಾನೂನು ಪ್ರಕಾರ ಕಳ್ಳಪ್ರತಿ ಹಂಚಿದ ಹಾಗೆ.

ಗ್ನೂ ಯೋಜನೆಗೆ ಒಂದು ಚದುರಂಗದ ಪ್ರೋಗ್ರಾಂ ಕೂಡ ಬಂತು. ಸ್ಟುವರ್ಟ್ ಕ್ರಾಕ್ರಾಫ್ಟ್ 1984ರಲ್ಲಿ ಶುರು ಮಾಡಿದ ಗ್ನೂ ಚೆಸ್ ಅದು. ಹಂಚಿ ಬೆಳೆಸುವ ಚದುರಂಗದ ಎಂಜಿನ್‌ಗಳಲ್ಲಿ ಹಳೆಯದು.

ಹಣ್ಣು ಮತ್ತು ಪುಟ್ಟ ಮೀನು

ಚದುರಂಗದ ಎಂಜಿನ್ ಎರಡು ಕೆಲಸ ಮಾಡುತ್ತದೆ. ಒಂದು, ಮುಂದೆ ನೋಡುವುದು: ನಾನು ಹೀಗೆ ಇಟ್ಟರೆ ಅವನು ಹಾಗೆ ಇಡುತ್ತಾನೆ, ಆಗ ನಾನು ಹೀಗೆ ಎಂದು ಲಕ್ಷಗಟ್ಟಲೆ ದಾರಿಗಳನ್ನು ಹುಡುಕುವುದು. ಎರಡು, ತೂಗುವುದು: ಪ್ರತಿ ದಾರಿಯ ಕೊನೆಗೆ ನಿಂತು ಇಲ್ಲಿ ಯಾರ ಕೈ ಮೇಲು, ಎಷ್ಟು ಮೇಲು ಎಂದು ಅಂಕ ಕೊಡುವುದು. ಹುಡುಕಾಟ ಮತ್ತು ತೂಕ ಎಂಬ ಈ ಎರಡು ಮಾತು ನೆನಪಿರಲಿ, ಮುಂದಿನ ಜಗಳವೆಲ್ಲ ಇವುಗಳ ಮೇಲೆಯೇ ನಿಂತಿದೆ.

2005ರಲ್ಲಿ ಫ್ರಾನ್ಸಿನ ಫಾಬಿಯನ್ ಲೆಟೂಜೆ ತಮ್ಮ ಫ್ರೂಟ್ ಎಂಬ ಎಂಜಿನ್‌ನ 2.1ನೇ ಆವೃತ್ತಿಯ ಸೋರ್ಸ್ ಕೋಡನ್ನು ಜಿಪಿಎಲ್ ಅಡಿ ಬಿಟ್ಟರು. ಅದು ಅಚ್ಚುಕಟ್ಟಾದ ಕೋಡು, ಓದಿದವರಿಗೆ ಪಾಠದ ಹಾಗೆ ಇತ್ತು. ಆ ವರ್ಷ ರೇಕ್ಯಾವಿಕ್‌ನಲ್ಲಿ ನಡೆದ ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫ್ರೂಟ್ ಎರಡನೇ ಸ್ಥಾನ ಪಡೆಯಿತು. ಜಗತ್ತಿನ ಪ್ರೋಗ್ರಾಮರ್‌ಗಳೆಲ್ಲ ಆ ಕೋಡಿನ ಮುಂದೆ ಕೂತು ಕಲಿತರು.

ಅದೇ ವರ್ಷದ ಡಿಸೆಂಬರಿನಲ್ಲಿ ರಿಬ್ಕಾ ಎಂಬ ಎಂಜಿನ್ ಬಂತು. ಚೆಕ್ ಭಾಷೆಯಲ್ಲಿ ರಿಬ್ಕಾ ಎಂದರೆ ಪುಟ್ಟ ಮೀನು. ಬರೆದವರು ವಾಸಿಕ್ ರೈಲಿಕ್. ಬಂದದ್ದೇ ತಡ ಉಳಿದ ಎಂಜಿನ್‌ಗಳನ್ನೆಲ್ಲ ಹಿಂದೆ ಹಾಕಿತು. 2007ರಿಂದ 2010ರವರೆಗೆ ನಾಲ್ಕು ವರ್ಷವೂ ಅದೇ ವಿಶ್ವ ಚಾಂಪಿಯನ್. ಅದು ಮಾರಾಟದ ಸರಕು, ಸೋರ್ಸ್ ಕೋಡ್ ಯಾರಿಗೂ ತೋರಿಸುತ್ತಿರಲಿಲ್ಲ.

ರಿಬ್ಕಾದ ಒಳಗೆ ಫ್ರೂಟ್ ಇದೆ ಎಂಬ ಗುಸುಗುಸು ವರ್ಷಗಟ್ಟಲೆ ನಡೆಯಿತು. 2011ರಲ್ಲಿ ಲೆಟೂಜೆ ಬಹಿರಂಗ ಪತ್ರ ಬರೆದರು, ಬೇರೆ ಎಂಜಿನ್‌ಗಳನ್ನು ಬರೆದವರೂ ದೂರಿಗೆ ದನಿ ಸೇರಿಸಿದರು. ಅಂತರರಾಷ್ಟ್ರೀಯ ಕಂಪ್ಯೂಟರ್ ಆಟಗಳ ಸಂಘ ತನಿಖೆ ನಡೆಸಿತು. ಯಂತ್ರರೂಪದ ಪ್ರೋಗ್ರಾಮನ್ನು ಬಿಚ್ಚಿ, ಸಾಲು ಸಾಲಾಗಿ ಫ್ರೂಟ್ ಜೊತೆಗೂ, ರಾಬರ್ಟ್ ಹಯಾಟ್ ಬರೆದ ಕ್ರಾಫ್ಟಿ ಎಂಬ ಇನ್ನೊಂದು ಎಂಜಿನ್ ಜೊತೆಗೂ ಹೋಲಿಸಿದರು. ಜೂನ್ ತಿಂಗಳಲ್ಲಿ ತೀರ್ಪು ಬಂತು: ರಿಬ್ಕಾ ಇವೆರಡರಿಂದ ಕದ್ದಿದೆ, ಚಾಂಪಿಯನ್ ಪಟ್ಟಗಳನ್ನು ಹಿಂದಕ್ಕೆ ಪಡೆಯಲಾಗಿದೆ, ರೈಲಿಕ್ ಅವರಿಗೆ ಆಜೀವ ನಿಷೇಧ.

ರೈಲಿಕ್ ಆರೋಪವನ್ನು ಒಪ್ಪಲಿಲ್ಲ. ಎಲ್ಲರೂ ಫ್ರೂಟ್ ಓದಿಯೇ ಕಲಿತದ್ದು ನಿಜ. ಓದಿ ಕಲಿಯುವುದಕ್ಕೂ ಎತ್ತಿ ಅಂಟಿಸುವುದಕ್ಕೂ ಗೆರೆ ಎಲ್ಲಿ ಎಳೆಯಬೇಕು ಎಂಬ ವಾದ ಇವತ್ತಿಗೂ ನಿಂತಿಲ್ಲ. ಆಜೀವ ನಿಷೇಧ ಹಾಕಿದ್ದು ಸರಿಯಲ್ಲವೆಂದು 2015ರಲ್ಲಿ ಜಾಗತಿಕ ಚೆಸ್ ಸಂಸ್ಥೆ ಫಿಡೆಯ ನೀತಿ ಸಮಿತಿ ಆ ಸಂಘಕ್ಕೇ ಎಚ್ಚರಿಕೆ ಕೊಟ್ಟಿತು. ಕಳ್ಳತನದ ಮಾತು ಆಡುವಾಗ ಶಿಕ್ಷೆಯ ಅಳತೆಯೂ ಸರಿ ಇರಬೇಕು ಎಂಬ ಪಾಠವೂ ಇದರಲ್ಲಿ ಸಿಕ್ಕಿತು.

ಇನ್ನೊಂದು ಕಡೆ ಇದೇ ಫ್ರೂಟ್‌ಗೆ ಒಳ್ಳೆಯ ಗತಿಯೂ ಆಯಿತು. ಗ್ನೂ ಚೆಸ್‌ನ 6ನೇ ಆವೃತ್ತಿಯನ್ನು ಕಟ್ಟಿದ್ದು ಫ್ರೂಟ್ 2.1ರ ಮೇಲೆಯೇ. ಅಲ್ಲಿ ಯಾರೂ ಏನನ್ನೂ ಮುಚ್ಚಿಡಲಿಲ್ಲ, ಮೂಲ ಇಂಥದ್ದು ಎಂದು ಹೇಳಿಯೇ ಕಟ್ಟಿದರು. ಆದ್ದರಿಂದ ಜಗಳವೂ ಇಲ್ಲ, ಕೋರ್ಟೂ ಇಲ್ಲ.

ನಾರ್ವೆಯಲ್ಲಿ ಹಿಡಿದದ್ದು, ಇಟಲಿಯಲ್ಲಿ ಬೇಯಿಸಿದ್ದು

ಈಗ ಒಣಮೀನಿನ ಕಥೆಗೆ ಬರೋಣ. ನಾರ್ವೆಯ ತೋರ್ಡ್ ರೊಮ್‌ಸ್ಟಾಡ್ 2004ರಲ್ಲಿ ಗ್ಲೌರುಂಗ್ ಎಂಬ ಎಂಜಿನ್ ಬಿಟ್ಟರು. ಅದೂ ಜಿಪಿಎಲ್ ಅಡಿಯಲ್ಲೇ ಬೆಳೆಯಿತು. ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಅದರ 2.1ನೇ ಆವೃತ್ತಿ ತೆಗೆದುಕೊಂಡು, ತಿದ್ದಿ, 2008ರ ನವೆಂಬರಿನಲ್ಲಿ ಹೊಸ ಹೆಸರಿನಲ್ಲಿ ಹೊರತಂದರು. ಹೆಸರು ಸ್ಟಾಕ್‌ಫಿಶ್. ಉಪ್ಪು ಹಾಕದೆ ಗಾಳಿಗೆ ಒಣಗಿಸಿದ ಮೀನಿಗೆ ಆ ಹೆಸರಿದೆ. ನಾರ್ವೆಯವರು ಹಿಡಿದು ಒಣಗಿಸುತ್ತಾರೆ, ಇಟಲಿಯವರು ತರಿಸಿಕೊಂಡು ಅಡುಗೆ ಮಾಡುತ್ತಾರೆ. ಪ್ರೋಗ್ರಾಂ ಕೂಡ ಹಾಗೆಯೇ ಆಯಿತಲ್ಲ ಎಂದು ಆ ಹೆಸರಿಟ್ಟರು.

ಈ ಹೆಸರಿನ ಒಳಗೇ ಋಣ ಒಪ್ಪಿಕೊಂಡದ್ದು ಕಾಣುತ್ತದೆ. ಹೊಸ ಹೆಸರು ಇಟ್ಟರು, ಆದರೆ ಆ ಹೆಸರು ಮೂಲವನ್ನು ಮರೆಸಲಿಲ್ಲ, ನೆನಪಿಸಿತು. ಕೊಸ್ಟಾಲ್ಬಾ ಮೂಲ ಲೇಖಕರ ಹೆಸರು ತೆಗೆಯಲಿಲ್ಲ, ಲೈಸೆನ್ಸ್ ಬದಲಿಸಲಿಲ್ಲ. ಸ್ವಲ್ಪ ದಿನದಲ್ಲಿ ರೊಮ್‌ಸ್ಟಾಡ್ ತಾವೇ ಬಂದು ಆ ಕೆಲಸಕ್ಕೆ ಕೈಜೋಡಿಸಿದರು. ಫಿನ್‌ಲೆಂಡಿನ ಯೋನಾ ಕೀಸ್ಕಿ ಮೂರನೆಯವರಾದರು.

2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆ ಕಟ್ಟಿದರು. ನಮ್ಮ ಕಡೆ ಮುಯ್ಯಾಳು ಪದ್ಧತಿ ಇತ್ತಲ್ಲ, ನಿಮ್ಮ ಹೊಲದ ಕೆಲಸಕ್ಕೆ ನಾವು, ನಮ್ಮ ಹೊಲಕ್ಕೆ ನೀವು ಎಂದು, ಹೆಚ್ಚುಕಡಿಮೆ ಹಾಗೆ. ಯಾರಾದರೂ ಕೋಡಿಗೆ ಒಂದು ತಿದ್ದುಪಡಿ ಸೂಚಿಸಿದರೆ ಅದು ಒಳ್ಳೆಯದೋ ಅಲ್ಲವೋ ಎಂದು ಬಾಯಿಮಾತಿನಲ್ಲಿ ತೀರ್ಮಾನಿಸುವುದಿಲ್ಲ. ಹಳೆಯ ಆವೃತ್ತಿಗೂ ಹೊಸ ಆವೃತ್ತಿಗೂ ಸಾವಿರಾರು ಆಟ ಆಡಿಸುತ್ತಾರೆ. ಇದಕ್ಕೆ ಬೇಕಾದ ಕಂಪ್ಯೂಟರ್ ಶಕ್ತಿಯನ್ನು ಜಗತ್ತಿನ ಮೂಲೆಮೂಲೆಯ ಜನ ತಮ್ಮ ಮನೆಯ ಯಂತ್ರಗಳಿಂದ ದಾನ ಕೊಡುತ್ತಾರೆ, ಕರೆಂಟ್ ಬಿಲ್ಲೂ ಅವರದೇ. ಹೀಗೆ ನೂರಾರು ಕೋಟಿ ಆಟಗಳು ನಡೆದಿವೆ. ಹೊಸದು ಗೆದ್ದರೆ ಮಾತ್ರ ತಿದ್ದುಪಡಿ ಒಳಗೆ ಹೋಗುತ್ತದೆ.

2020ರಲ್ಲಿ ಇನ್ನೊಂದು ದೊಡ್ಡ ಹೆಜ್ಜೆ. ಜಪಾನಿನಲ್ಲಿ ಶೋಗಿ ಎಂಬ ಆಟವಿದೆ, ಅದೂ ಚದುರಂಗದ ನೆಂಟನೇ. ಆ ಆಟದ ಎಂಜಿನ್‌ಗಾಗಿ ಯು ನಾಸು 2018ರಲ್ಲಿ ತೂಗುವ ಹೊಸ ವಿಧಾನ ಕಂಡುಹಿಡಿದಿದ್ದರು. ಮನುಷ್ಯರು ಬರೆದ ನಿಯಮಗಳ ಬದಲು, ಕೋಟ್ಯಂತರ ಸ್ಥಿತಿಗಳಿಂದ ತಾನೇ ಕಲಿತ ಸಣ್ಣ ನರಜಾಲ ಅಂಕ ಕೊಡುತ್ತದೆ. ಹಿಸಾಯೊರಿ ನೋಡಾ ಅದನ್ನು ಸ್ಟಾಕ್‌ಫಿಶ್‌ಗೆ ತಂದು ಜೋಡಿಸಿದರು. 2020ರ ಸೆಪ್ಟೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ 12ರಲ್ಲಿ ಹುಡುಕಾಟ ಯುರೋಪಿನ ಬೇರಿನದು, ತೂಕ ಜಪಾನಿನ ಬೇರಿನದು. ಬಲ ಒಮ್ಮೆಲೇ ಏರಿತು.

ನೂರು ಯೂರೋದ ಡಬ್ಬಿ

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಚೆಸ್‌ಬೇಸ್ ಎಂಬ ಕಂಪನಿ ಇದೆ. ಚೆಸ್ ಲೋಕದಲ್ಲಿ ಅದು ದೊಡ್ಡ ಹೆಸರು. ದೊಡ್ಡ ಆಟಗಾರರು ಹಳೆಯ ಆಟಗಳನ್ನು ಹುಡುಕಿ ಅಭ್ಯಾಸ ಮಾಡುವುದು ಅದರ ದತ್ತಾಂಶ ಸಂಗ್ರಹದಲ್ಲೇ. 2006ರಲ್ಲಿ ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಅವರನ್ನು ಸೋಲಿಸಿದ ಡೀಪ್ ಫ್ರಿಟ್ಜ್ ಇದೇ ಕಂಪನಿಯ ಸರಕು.

2021ರ ಫೆಬ್ರುವರಿಯಲ್ಲಿ ಈ ಕಂಪನಿ ಫ್ಯಾಟ್ ಫ್ರಿಟ್ಜ್ 2 ಎಂಬ ಹೊಸ ಎಂಜಿನ್ ಮಾರಾಟಕ್ಕೆ ಇಟ್ಟಿತು. ಬೆಲೆ ಸುಮಾರು 100 ಯೂರೋ. ಜಗತ್ತಿನ ನಂಬರ್ ಒನ್ ಎಂಬ ಪ್ರಚಾರ. ತೆರೆದು ನೋಡಿದರೆ ಅದು ಸ್ಟಾಕ್‌ಫಿಶ್. ತೂಗುವ ನರಜಾಲವನ್ನು ಕಂಪನಿಯ ಕಡೆಯವರು ದೊಡ್ಡದು ಮಾಡಿ ಬೇರೆಯಾಗಿ ತರಬೇತಿ ಕೊಟ್ಟಿದ್ದರು, ಆ ಮಟ್ಟಿಗೆ ಅದು ಅವರ ಕೆಲಸ. ಉಳಿದದ್ದರಲ್ಲಿ ಬದಲಾವಣೆ ತೀರ ಕಡಿಮೆ ಎಂದು ಸ್ಟಾಕ್‌ಫಿಶ್ ತಂಡ ಹೇಳಿತು.

ಇಲ್ಲಿ ನ್ಯಾಯವಾಗಿ ಎರಡು ಮಾತು ಹೇಳಬೇಕು. ಒಂದು, ಸ್ಟಾಕ್‌ಫಿಶ್ ಅನ್ನು ಮಾರುವುದು ತಪ್ಪಲ್ಲ, ಜಿಪಿಎಲ್ ಅದಕ್ಕೆ ಅವಕಾಶ ಕೊಟ್ಟಿದೆ. ಎರಡು, ಹುಡುಕಾಟದ ಭಾಗ ಸ್ಟಾಕ್‌ಫಿಶ್‌ನದು ಎಂಬುದು ಪೂರ್ತಿ ಗುಟ್ಟಾಗಿಯೂ ಇರಲಿಲ್ಲ, ಕಂಪನಿಯ ಬರಹದಲ್ಲಿ ಅದರ ಪ್ರಸ್ತಾಪ ಇತ್ತು. ಹಾಗಾದರೆ ತಕರಾರು ಯಾವುದು? ಡಬ್ಬಿ ಕೊಂಡ ಬಹಳ ಜನರಿಗೆ ತಾವು ಕೊಂಡದ್ದು ಪುಕ್ಕಟೆ ಸಿಗುವ ಪ್ರೋಗ್ರಾಮಿನ ತಿದ್ದಿದ ರೂಪ ಎಂಬುದು ಗೊತ್ತಾಗಲಿಲ್ಲ, ಅದನ್ನು ತಿದ್ದುವ, ಹಂಚುವ ಹಕ್ಕು ತಮಗೂ ಇದೆ ಎಂಬುದೂ ಗೊತ್ತಾಗಲಿಲ್ಲ ಎಂಬುದು ತಂಡದ ದೂರು. ಲೈಸೆನ್ಸಿನ ಮುಖ್ಯ ಷರತ್ತುಗಳನ್ನು ಮತ್ತೆ ಮತ್ತೆ ಮುರಿದಿದ್ದಾರೆ ಎಂದೂ ಅವರು ಹೇಳಿದರು. ಚೆಸ್‌ಬೇಸ್ ಮಾರುತ್ತಿದ್ದ ಹೂಡಿನಿ 6 ಎಂಬ ಇನ್ನೊಂದು ಎಂಜಿನ್ ಕೂಡ ಸ್ಟಾಕ್‌ಫಿಶ್‌ನಿಂದಲೇ ಹುಟ್ಟಿದ್ದು ಎಂಬ ದೂರೂ ಸೇರಿಕೊಂಡಿತು.

ಇಲ್ಲಿ ಸೋತವರು ಇಬ್ಬರು. ಬರೆದವರ ಹೆಸರು ಹೋಯಿತು, ಅದು ಸರಿ. ಕೊಂಡವರೂ ಮೋಸ ಹೋದರು. ಎಂಟು ಹತ್ತು ಸಾವಿರ ರೂಪಾಯಿ ಕೊಟ್ಟವರಿಗೆ ಪಕ್ಕದ ಬೀದಿಯಲ್ಲಿ ಅದೇ ಮಾಲು ಹೆಚ್ಚುಕಡಿಮೆ ಅದೇ ಬಲದಲ್ಲಿ ಪುಕ್ಕಟೆ ಸಿಗುತ್ತದೆಂದು ಗೊತ್ತಾಗಿದ್ದರೆ ಎಷ್ಟು ಜನ ಕೊಳ್ಳುತ್ತಿದ್ದರು? ಹೆಸರು ಹಾಕುವುದು ಬರೀ ಮರ್ಯಾದೆಯ ವಿಷಯ ಅಂದುಕೊಳ್ಳುತ್ತೇವೆ. ಮೂಲ ಯಾವುದು ಎಂದು ಗೊತ್ತಿದ್ದರೆ ಕೊಳ್ಳುವವರು ಬೆಲೆ ಚೌಕಾಸಿ ಮಾಡಬಲ್ಲರು. ಅದು ಅವರ ಜೇಬಿನ ವಿಷಯವೂ ಹೌದು.

ತಂಡ ಜರ್ಮನಿಯ ವಕೀಲರ ಮೂಲಕ ತಿಂಗಳುಗಟ್ಟಲೆ ಮಾತುಕತೆ ನಡೆಸಿತು. ಫ್ಯಾಟ್ ಫ್ರಿಟ್ಜ್ 2ರ ಡಿವಿಡಿಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಲಾಯಿತು, ಹೂಡಿನಿ 6ರ ಮಾರಾಟ ನಿಂತಿತು. ಆದರೂ ಪೂರ್ತಿ ಒಪ್ಪಂದ ಆಗಲಿಲ್ಲ. ಆಗ ಸ್ಟಾಕ್‌ಫಿಶ್‌ನ ಮುಖ್ಯ ಲೇಖಕರು ಲೈಸೆನ್ಸಿನ ಕೊನೆಯ ಅಸ್ತ್ರ ತೆಗೆದರು.

ಜಿಪಿಎಲ್‌ನ ಮೂರನೇ ಆವೃತ್ತಿಯಲ್ಲಿ ತಪ್ಪು ಮಾಡಿದವರಿಗೆ ತಿದ್ದಿಕೊಳ್ಳುವ ದಾರಿ ಇದೆ. ಮೊದಲ ಸಲದ ತಪ್ಪಾದರೆ, ನೋಟಿಸ್ ಬಂದ 30 ದಿನದೊಳಗೆ ಸರಿಮಾಡಿಕೊಂಡರೆ ಅನುಮತಿ ಮತ್ತೆ ಸಿಗುತ್ತದೆ. ಮತ್ತೆ ಮತ್ತೆ ಮುರಿದವರ ಅನುಮತಿಯನ್ನು ಬರೆದವರು ಕಾಯಂ ಆಗಿ ಕಿತ್ತುಕೊಳ್ಳಬಹುದು. ಚೆಸ್‌ಬೇಸ್‌ಗೆ ಕೊಟ್ಟ ಅನುಮತಿ ರದ್ದು, ಇನ್ನು ಸ್ಟಾಕ್‌ಫಿಶ್ ಅನ್ನು ತಿದ್ದಿದ್ದೂ ತಿದ್ದದ್ದೂ ನೀವು ಹಂಚುವಂತಿಲ್ಲ ಎಂದು ಅವರು ಸಾರಿದರು. ಕಂಪನಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದು 2021ರ ಜುಲೈನಲ್ಲಿ ಮ್ಯೂನಿಕ್‌ನಲ್ಲಿ ದಾವೆ ಹೂಡಿದರು. ತೋರ್ಡ್ ರೊಮ್‌ಸ್ಟಾಡ್ ಮತ್ತು ಫ್ರಾನ್ಸಿನ ಸ್ಟೆಫಾನ್ ನಿಕೊಲೆ ದಾವೆಯಲ್ಲಿ ನಿಂತರು.

ಯಾಕೆ ವ್ಯಕ್ತಿಗಳೇ ನಿಂತರು ಅಂದರೆ, ಸ್ಟಾಕ್‌ಫಿಶ್‌ಗೆ ಒಬ್ಬ ಮಾಲೀಕ ಇಲ್ಲ. ಯಾರು ಎಷ್ಟು ಸಾಲು ಬರೆದರೋ ಅಷ್ಟಕ್ಕೆ ಅವರು ಹಕ್ಕುದಾರರು. ಊರ ಕೆರೆ ಇದ್ದ ಹಾಗೆ. ಕೆರೆ ಎಲ್ಲರದು ಎಂದ ಮಾತ್ರಕ್ಕೆ ತೂಬು ಯಾರು ಬೇಕಾದರೂ ಎತ್ತಬಹುದು ಅಂತಲ್ಲ. ನೀರುಗಂಟಿ ಇದ್ದ, ಸರದಿ ಇತ್ತು, ಹೂಳು ಎತ್ತುವ ಕೆಲಸದ ಪಾಲಿತ್ತು. ಸರದಿ ಮುರಿದವರನ್ನು ಕೇಳುವ ಹಕ್ಕು ಅಚ್ಚುಕಟ್ಟಿನ ಪ್ರತಿ ರೈತನಿಗೂ ಇತ್ತು.

2022ರ ನವೆಂಬರಿನಲ್ಲಿ ಇಬ್ಬರೂ ರಾಜಿಯಾದರು. ಚೆಸ್‌ಬೇಸ್ ಒಂದು ವರ್ಷದ ಮಟ್ಟಿಗೆ ಸ್ಟಾಕ್‌ಫಿಶ್ ಇರುವ ಸರಕು ಮಾರುವುದಿಲ್ಲ. ಆಮೇಲೆ ಲೈಸೆನ್ಸ್ ಪಾಲಿಸಿದರೆ ಮತ್ತೆ ಬಳಸಬಹುದು. ಮುಕ್ತ ಸಾಫ್ಟ್‌ವೇರ್ ನಿಯಮ ಪಾಲನೆ ನೋಡಿಕೊಳ್ಳಲೆಂದೇ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ತನ್ನ ಸರಕುಗಳಲ್ಲಿ ಯಾವ್ಯಾವ ಮುಕ್ತ ಸಾಫ್ಟ್‌ವೇರ್ ಇದೆ ಎಂದು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಬೇಕು. ಪುಕ್ಕಟೆ ಕೊಟ್ಟವರ ಮಾತಿಗೂ ಕೋರ್ಟಿನ ಅಂಗಳದಲ್ಲಿ ತೂಕ ಇದೆ ಎಂಬುದು ಇದರಿಂದ ಗಟ್ಟಿಯಾಯಿತು.

ಇದು ನಮಗೆ ಯಾಕೆ ಬೇಕು

ನಾವು ಪತ್ರಿಕೋದ್ಯಮ ಓದಿ ಹಳ್ಳಿಗಳಲ್ಲಿ ಉಳಿದು ಬರೆಯುವವರು. ತಾಲ್ಲೂಕಿನ ವರದಿಗಾರ ಮಳೆಯಲ್ಲಿ ನೆನೆದು ತೆಗೆದ ಫೋಟೋ ಬೆಂಗಳೂರಿನ ಯಾವುದೋ ಪರದೆಯ ಮೇಲೆ ಹೆಸರಿಲ್ಲದೆ ಓಡುವುದನ್ನು ನಾವೆಲ್ಲ ಕಂಡಿದ್ದೇವೆ. ಇಂಟರ್‌ನೆಟ್‌ನಲ್ಲಿ ಸಿಕ್ಕಿತು ಎಂಬ ಒಂದೇ ಮಾತಿನಲ್ಲಿ ದುಡಿದವನ ಹೆಸರು ಅಳಿಸಿಹೋಗುತ್ತದೆ. ಸೋಬಾನೆ ಪದ ಹಾಡಿದ ಅಜ್ಜಿಯರ ವಿಡಿಯೋ ಲಕ್ಷ ಜನ ನೋಡುತ್ತಾರೆ, ಅಜ್ಜಿಯ ಹೆಸರು ಒಬ್ಬರಿಗೂ ಗೊತ್ತಿರುವುದಿಲ್ಲ. ಪದ ಊರಿನದಿರಬಹುದು. ಆ ದನಿ ಆ ಅಜ್ಜಿಯದು.

ನಮ್ಮ 1957ರ ಕಾಯ್ದೆಯ 57ನೇ ಕಲಮು ಇದೇ ಮಾತು ಹೇಳುತ್ತದೆ. ಹಕ್ಕುಸ್ವಾಮ್ಯವನ್ನೇ ಬೇರೆಯವರಿಗೆ ಮಾರಿದ ಮೇಲೂ, ಈ ಕೃತಿ ಬರೆದವನು ನಾನು ಎಂದು ಹೇಳಿಕೊಳ್ಳುವ ಹಕ್ಕು ಲೇಖಕನ ಬಳಿಯೇ ಉಳಿಯುತ್ತದೆ. ಕನ್ನಡ ವಿಕಿಪೀಡಿಯದ ಲೇಖನಗಳೂ ಇಂಥದೇ ಒಂದು ಲೈಸೆನ್ಸಿನ ಅಡಿ ಇವೆ. ಎತ್ತಿಕೊಳ್ಳಬಹುದು, ಮಾರಲೂಬಹುದು, ಆದರೆ ಮೂಲ ಹೇಳಬೇಕು, ಅದೇ ಷರತ್ತಿನಲ್ಲಿ ಮುಂದಕ್ಕೆ ಕೊಡಬೇಕು. ಶಾಲೆಯ ಪ್ರಾಜೆಕ್ಟಿಗೆ ಅಲ್ಲಿಂದ ಎತ್ತುವ ಮಕ್ಕಳಿಗೆ ಒಂದು ಸಾಲು ಮೂಲ ಬರೆಸುವುದನ್ನು ಮೇಷ್ಟ್ರುಗಳು ರೂಢಿ ಮಾಡಿಸಿದರೆ ಅಷ್ಟೇ ಸಾಕು.

ನಿಮ್ಮ ಫೋನಿನಲ್ಲೂ ಇದನ್ನು ನೋಡಬಹುದು. ಚೆಸ್ ಆಪಿನ ಸೆಟ್ಟಿಂಗ್ಸ್ ಒಳಗೆ ಲೈಸೆನ್ಸ್ ಅಥವಾ ಅಬೌಟ್ ಎಂಬ ಪುಟ ಹುಡುಕಿ. ಫ್ರಾನ್ಸಿನ ತಿಬೊ ದ್ಯುಪ್ಲೆಸಿ 2010ರಲ್ಲಿ ಶುರು ಮಾಡಿದ ಲಿಚೆಸ್ ಜಾಹೀರಾತಿಲ್ಲದೆ, ದೇಣಿಗೆಯಿಂದಲೇ ನಡೆಯುತ್ತದೆ. ಅದರ ಕೋಡಿನ ಜೊತೆಗಿರುವ ಪಟ್ಟಿಯಲ್ಲಿ ಎಂಜಿನ್ ಯಾರದು ಎಂಬುದಷ್ಟೇ ಅಲ್ಲ, ಪರದೆಯ ಮೇಲಿನ ಕಾಯಿಗಳ ಚಿತ್ರ ಯಾರು ಬರೆದರು, ಯಾವ ಲೈಸೆನ್ಸಿನ ಅಡಿ ಕೊಟ್ಟರು ಎಂಬುದೂ ಇದೆ. ನೀವು ದಿನಾ ಸರಿಸುವ ಆ ಕುದುರೆಯನ್ನೂ ಯಾರೋ ಒಬ್ಬರು ಕೂತು ಬರೆದಿದ್ದಾರೆ.

ಸ್ಟಾಕ್‌ಫಿಶ್‌ನ ಸೋರ್ಸ್ ಕೋಡ್ ಜೊತೆ ಲೇಖಕರ ಪಟ್ಟಿಯ ಒಂದು ಕಡತ ಬರುತ್ತದೆ. ಮೇಲ್ಗಡೆ ಸ್ಥಾಪಕರ ನಾಲ್ಕು ಹೆಸರು: ರೊಮ್‌ಸ್ಟಾಡ್, ಕೊಸ್ಟಾಲ್ಬಾ, ಕೀಸ್ಕಿ, ಲಿನ್ಸ್‌ಕಾಟ್. ಅದರ ಕೆಳಗೆ ತೂಕದ ಹೊಸ ವಿಧಾನ ಕೊಟ್ಟ ಜಪಾನಿನವರು: ಯು ನಾಸು, ಮೊಟೊಹಿರೊ ಇಸೊಝಾಕಿ, ಹಿಸಾಯೊರಿ ನೋಡಾ. ನರಜಾಲದ ತರಬೇತಿಗೆ ಬೇಕಾದ ಮಾಹಿತಿ ಕೊಟ್ಟದ್ದು ಲೀಲಾ ಚೆಸ್ ಝೀರೋ ಎಂಬ ಇನ್ನೊಂದು ಮುಕ್ತ ಎಂಜಿನ್. ಪಂದ್ಯಗಳಲ್ಲಿ ಅದು ಸ್ಟಾಕ್‌ಫಿಶ್‌ನ ಎದುರಾಳಿ. ಆ ಎದುರಾಳಿಯ ಋಣವನ್ನೂ ಸ್ಟಾಕ್‌ಫಿಶ್‌ನ ಪರಿಚಯ ಪತ್ರದಲ್ಲಿ ಬರೆದಿದ್ದಾರೆ.

ಲೇಖಕರ ಪಟ್ಟಿಯಲ್ಲಿ ಆಮೇಲೆ ಉಳಿದವರೆಲ್ಲರ ಹೆಸರು ಅಕ್ಷರಮಾಲೆಯ ಕ್ರಮದಲ್ಲಿ ಸಾಲಾಗಿ ಇದೆ. ಹತ್ತು ವರ್ಷ ದುಡಿದವರ ಪಕ್ಕದಲ್ಲೇ ಒಂದು ಸಣ್ಣ ತಪ್ಪು ತಿದ್ದಿದವರ ಹೆಸರೂ ಇದೆ. ಯಾರೂ ಸಂಬಳ ಕೇಳಿದವರಲ್ಲ. ಆ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ ಅವರ ಕೂಲಿ.